ಮುದ್ದೆ ಬಿಡಿಸಿದ ಚೀಟಿ

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಹೊಳವನಹಳ್ಳಿಯ ಆರೋಗ್ಯ ಶಿಬಿರದ ಸಾಲಿನಲ್ಲಿ ಅರವತ್ತರ ಹೆಂಗಸೊಬ್ಬರು ಬೆವರಿ ಕುಸಿದರು. ಸಕ್ಕರೆ ಕಾಯಿಲೆಯವರು. ನರ್ಸ್ ಗ್ಲೂಕೋಸ್ ಏರಿಸುವವರೆಗೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ನಿಂತೇಹೋಯಿತೆಂದುಕೊಂಡಿದ್ದೆ.

ಕಣ್ಣು ಬಿಟ್ಟ ಮೇಲೆ, “ಬೆಳಿಗ್ಗೆ ಏನಮ್ಮ ತಿಂದ್ರಿ?” ಎಂದು ಕೇಳಿದೆ.

“ಏನೂ ಇಲ್ಲ ಕಣಮ್ಮ. ಹೋದ ವಾರ ನಿಮ್ ಹುಡುಗ್ರೇ ಮುದ್ದೆ ಬುಟ್ಬುಡು, ಓಟ್ಸ್ ತಿನ್ನು ಅಂತ ಚೀಟಿ ಕೊಟ್ರಲ್ಲ. ಅದು ನಮ್ಮೂರಂಗ್ಡೀಲಿ ಸಿಗ್ಲಿಲ್ಲ. ಬರೀ ಹೊಟ್ಟೇಲೇ ಸಕ್ಕರೆ ಇಳ್ಸೋ ಮಾತ್ರೆ ನುಂಗ್ಬುಟ್ಟೆ.”

ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಹಾರದ ಪಾಠ ಹೇಳುವವಳು ನಾನು. ಕಾಲೇಜು ಅದಕ್ಕೆ ಕೊಡುವುದು ಎರಡೇ ಗಂಟೆ. ಅಷ್ಟರಲ್ಲೂ ರಾಗಿಯ ಹೆಸರೆತ್ತದೆ ಪುಸ್ತಕದಲ್ಲಿದ್ದ ಓಟ್ಸ್‌ನ ಪಟ್ಟಿಯನ್ನೇ ಬರೆಸಿದವಳು ನಾನು. ಕಾಲೇಜಿನ ಮೇಲೆ ಉರಿದುಬಿದ್ದೆ. ನನ್ನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಆ ಬೆವೆತ ಮುಖವೇ ಕಾಣುತ್ತಿತ್ತು.

ಮುಂದಿನ ತಿಂಗಳು ಹುಡುಗರನ್ನು ಆ ಅಮ್ಮನ ಮನೆಗೇ ಕರೆದೊಯ್ದೆ. ಏನು ಉಣ್ಣುತ್ತೀರಿ, ಮಾತ್ರೆ ಯಾವಾಗ ನುಂಗುತ್ತೀರಿ ಎಂದು ಹುಡುಗರಿಂದಲೇ ಕೇಳಿಸಿದೆ.

“ಇದ್ನ ಆವತ್ತೇ ಕೇಳಕ್ಕೆ ನಿಮ್ ಬಾಯಿಗೇನಾಗಿತ್ರಪ್ಪಾ?” ಎಂದು ಆಕೆ ಚೆನ್ನಾಗಿ ಬೈದರು. ಹುಡುಗರ ಜೊತೆ ನಾನೂ ಬೈಸಿಕೊಂಡು, ಮುದ್ದೆ ಸೇರಿಸಿದ ಹೊಸ ಚೀಟಿ ಬರೆಸಿದೆ.

ಅಂದು ರಾತ್ರಿ ಬೆಳಗಾಗುವವರೆಗೂ ನಿದ್ದೆ ಮಾಡಿದೆ.