ಎರಡಿಂಚು ಮಡಚಿಟ್ಟ ವಯಸ್ಸು

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಆ ಮನೆಯ ಸೊಸೆ ಮೊದಲು ಕೈಗೆತ್ತಿಕೊಳ್ಳುವುದು ಪತ್ರಿಕೆಯ ನಿಧನವಾರ್ತೆಯ ಪುಟವನ್ನು. ಒಂದೊಂದೇ ಫೋಟೊ ನೋಡಿ, ಹೆಸರು ಓದಿ, ವಯಸ್ಸು ಓದಿ, ಕೊನೆಗೆ ಪುಟದ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ಜ್ವರ ಬಂದು ಮಲಗಿದ ದಿನವೂ ಇದು ತಪ್ಪಿದ್ದಿಲ್ಲ. ದಿನವಿಡೀ ಸಾವು ನೋವುಗಳನ್ನು ಅಂಕಿಗಳಲ್ಲಿ ನೋಡುವವಳು. ಬೆಳಗಿನ ಹೊತ್ತಾದರೂ ಸತ್ತವರು ಮನುಷ್ಯರಾಗಿರಲಿ ಎಂಬ ಆಸೆ.

"ಚಿತ್ರಗುಪ್ತಮ್ಮ, ಇವತ್ತಿನ ಪಟ್ಟೀಲಿ ನನ್ನ ಹೆಸರಿದೆಯಾ?" ಎಂದು ಮಾವ ಒಳಗಿನಿಂದ ಕೂಗುತ್ತಾರೆ.

"ಇಲ್ಲ ಮಾವ, ಕಾಫಿ ಕುಡೀಬಹುದು."

"ಹಾಗಾದ್ರೆ ಇನ್ನೊಂದು ಚಮಚ ಸಕ್ಕರೆ ಹಾಕು. ಧೈರ್ಯ ಬಂತು."

ಮಾವ ಟೈಲರ್. ಅಂಗಡಿ ಮುಚ್ಚಿ ಎಷ್ಟೋ ಕಾಲವಾದರೂ ಹೊಲಿಗೆ ಯಂತ್ರ ಕಿಟಕಿಯ ಕೆಳಗೆ ಹಾಗೇ ಇದೆ. ಪೆಡಲ್ ತುಳಿದು ತುಳಿದು ಸವೆದ ಮೊಣಕಾಲಿಗೆ ಈಗ ಶಸ್ತ್ರಚಿಕಿತ್ಸೆ ಆಗಬೇಕು. ಸೊಸೆ ಮದುವೆಯಾಗಿ ಬಂದಾಗ ಅವಳ ಓದು ಮುಗಿದಿರಲಿಲ್ಲ. ವಿಮೆಯ ಲೆಕ್ಕ ಹಾಕುವ ಆಕ್ಚುಯರಿ ಆಗುವುದೆಂದರೆ ಪರೀಕ್ಷೆಯ ಮೇಲೆ ಪರೀಕ್ಷೆ. ಪಾಸಾಗುವವರಿಗಿಂತ ಫೇಲಾಗುವವರೇ ಹೆಚ್ಚು. ಅವಳು ಫೇಲಾಗಿ ಮುಖ ಸಣ್ಣದು ಮಾಡಿಕೊಂಡು ಬಂದಾಗಲೆಲ್ಲ ಮಾವ, "ಬಿಚ್ಚಿ ಹೊಲಿಯೋದೂ ಹೊಲಿಗೇನೇ ಕಣಮ್ಮ" ಎನ್ನುತ್ತಿದ್ದರು. ಅತ್ತೆಯಿಲ್ಲದ ಮನೆಯಲ್ಲಿ ಅವಳು ಓದಲೆಂದು ಅಡುಗೆಮನೆ ಹಿಡಿದವರೂ ಅವರೇ.

ಈಗ ಅವಳು ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಲ್ಲಿದ್ದಾಳೆ. ಇಷ್ಟು ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿ ಆಸ್ಪತ್ರೆ ಸೇರಬಹುದು, ಎಷ್ಟು ಮಂದಿ ತೀರಿಕೊಳ್ಳಬಹುದು, ಇಂದು ಎಷ್ಟು ಕಂತು ಕಟ್ಟಿಸಿಕೊಂಡರೆ ನಾಳೆ ಕೊಟ್ಟ ಮಾತು ನಡೆಸಲಾದೀತು ಎಂದು ಅಳೆದು ನೋಡುವುದು ಅವಳ ಕೆಲಸ. ಕಂತು ಹೆಚ್ಚಾದರೆ ಜನ ಸೋಲುತ್ತಾರೆ, ಕಡಿಮೆಯಾದರೆ ಕಂಪನಿ ಮುಳುಗುತ್ತದೆ. ಕಂಪನಿ ಮುಳುಗಿದರೂ ಸೋಲುವವರು ಜನರೇ.

ಆ ಸಲ ಅವಳ ಮೇಜಿಗೆ ಬಂದದ್ದು ವಯಸ್ಸಾದವರ ಆರೋಗ್ಯ ವಿಮೆಯ ಕಡತ. ಎಪ್ಪತ್ತು ತುಂಬಿದೊಡನೆ ಕಂತನ್ನು ಎರಡರಷ್ಟು ಮಾಡಲು ಕಂಪನಿ ಅನುಮತಿ ಕೇಳಿತ್ತು. ಆಸ್ಪತ್ರೆಯ ಖರ್ಚಿನ ಗೆರೆ ಅರವತ್ತೊಂಬತ್ತರವರೆಗೆ ನಿಧಾನವಾಗಿ ಏರಿ, ಎಪ್ಪತ್ತರ ಹತ್ತಿರ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಮಾವನೂ ಅದೇ ವಿಮೆಯಲ್ಲಿದ್ದರು. ಅವಳು ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋದಳು.

"ಸರ್, ಇದರಲ್ಲಿ ನಮ್ಮ ಮಾವನೂ ಇದ್ದಾರೆ. ಬೇರೆಯವರಿಗೆ ಕೊಟ್ಬಿಡಿ."

"ನಮ್ಮಮ್ಮನೂ ಇದ್ದಾರೆ. ಈ ಕಚೇರೀಲಿ ಅಪ್ಪ ಅಮ್ಮ ಇಲ್ಲದೆ ಉದುರಿಬಿದ್ದವರು ಯಾರಿದ್ದಾರೆ ಹುಡುಕಿಕೊಡಿ, ಅವರಿಗೇ ಕೊಡ್ತೀನಿ," ಎಂದರು ಅವರು. "ನೀವೇ ವರದಿ ಬರೀರಿ. ಆಮೇಲೆ ಹೊರಗಿನವರೊಬ್ಬರ ಹತ್ತಿರ ತಾಳೆ ನೋಡಿಸೋಣ."

ಬರೆಯಲು ಕೂತರೆ ಆ ಗೋಡೆ ಅವಳನ್ನು ಬಿಡಲಿಲ್ಲ. ದೇವರು ಮನುಷ್ಯನ ದೇಹವನ್ನು ದೀಪದ ಎಣ್ಣೆಯಂತೆ ಮೆಲ್ಲಗೆ ಇಳಿಸುತ್ತಾನೆ. ಎಪ್ಪತ್ತರ ಹುಟ್ಟುಹಬ್ಬ ಕಾದು ಕುಳಿತು ಕೆಡವುವುದಿಲ್ಲ.

ಭಾನುವಾರ ಮಾವನ ಗೆಳೆಯರಾದ ವಾಚ್ ರಿಪೇರಿಯವರು ಬಂದಿದ್ದರು. "ನನಗೂ ಎಪ್ಪತ್ತಾಯ್ತಂತೆ, ಕಂಪನಿಯವರು ಮೆಸೇಜ್ ಕಳಿಸಿದ್ದಾರೆ," ಎಂದರು ಮಾವ.

ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿದಳು. "ಮಾವ, ನಿಮ್ಮ ತಂಗಿಗೆ ಹೋದ ತಿಂಗಳು ಎಪ್ಪತ್ತೆರಡಾಯ್ತಲ್ಲ. ಅಣ್ಣ ತಂಗಿಗಿಂತ ಚಿಕ್ಕವನಾಗಿದ್ದು ಯಾವಾಗ?"

ವಾಚಿನವರು ನಕ್ಕು ಕೆಮ್ಮಿದರು. ಮಾವ ಮೊಣಕಾಲು ಸವರಿಕೊಂಡರು. "ಐದು ವರ್ಷದ ಹಿಂದೆ ಈ ವಿಮೆ ಶುರುವಾದಾಗ ಅರವತ್ತೈದರವರೆಗೆ ಮಾತ್ರ ಸೇರಿಸ್ಕೋತೀವಿ ಅಂದ್ರು. ನನಗೆ ಅರವತ್ತೊಂಬತ್ತು. ಏಜೆಂಟ್ ಹುಡುಗಿ, 'ಅರವತ್ತೈದು ಅಂತ ಬರ್ಕೊಳ್ಲಾ ಅಜ್ಜ?' ಅಂದ್ಳು. ಪ್ಯಾಂಟಿನ ಅಂಚಲ್ಲಿ ಎರಡಿಂಚು ಮಡಚಿ ಹೊಲಿಯಲ್ವಾ? ಹಂಗೆ ವಯಸ್ಸಲ್ಲೂ ಸ್ವಲ್ಪ ಮಡಚಿದೆ."

"ನನ್ನದೂ ಅಷ್ಟೇ," ಎಂದರು ವಾಚಿನವರು. "ನಮ್ಮ ಬೀದೀಲಿ ಅವತ್ತು ಎಲ್ರಿಗೂ ಅರವತ್ತೈದೇ. ಅವಳಿಜವಳಿ ಬೀದಿ ನಮ್ಮದು!"

ಅವಳ ಕೈಯಲ್ಲಿ ಸೊಪ್ಪು ಹಾಗೇ ಉಳಿಯಿತು. ಗೋಡೆ ಎಂದರೆ ಇದೇ. ಎಪ್ಪತ್ತೆಂದು ಬರೆಸಿಕೊಂಡವರಲ್ಲಿ ಎಪ್ಪತ್ತನಾಲ್ಕರ, ಎಪ್ಪತ್ತೈದರ ಕಾಯಿಲೆಗಳು ಸೇರಿಕೊಂಡಿದ್ದವು. ಇದನ್ನು ಬರೆದರೆ ಗೋಡೆ ಬೀಳುತ್ತದೆ. ಆದರೆ ಸುಳ್ಳು ವಯಸ್ಸು ಹೇಳಿದವರ ವಿಮೆ ರದ್ದು ಎಂದು ಕರಾರಿನಲ್ಲೇ ಇದೆ. ಮುಂದಿನ ತಿಂಗಳು ಮಾವನ ಶಸ್ತ್ರಚಿಕಿತ್ಸೆ.

ವಾಚಿನವರು ಹೊರಟ ಮೇಲೆ ಅವಳು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು.

"ಕಾಲಿನ ಆಪರೇಷನ್ ಮುಗಿಯೋವರೆಗೆ ತಡಿಯೋಕಾಗಲ್ವಾ?" ಎಂದು ಮಾವ ಸಣ್ಣ ದನಿಯಲ್ಲಿ ಕೇಳಿದರು.

"ಅಷ್ಟರಲ್ಲಿ ಕಂತು ಎರಡರಷ್ಟಾಗಿರುತ್ತೆ ಮಾವ. ಕಟ್ಟೋಕಾಗದವರು ವಿಮೇನೇ ಬಿಡ್ತಾರೆ. ನಿಜವಾಗಿ ಎಪ್ಪತ್ತಾದವರೂ ಬಿಡ್ತಾರೆ."

ಮಾವ ಎದ್ದು ಹೋಗಿ ಹೊಲಿಗೆ ಯಂತ್ರದ ಧೂಳು ಒರೆಸಿದರು. ಆಮೇಲೆ, "ಬರಿ," ಎಂದರು. "ಆದ್ರೆ ಮುದುಕರನ್ನ ಕೈಬಿಡಬೇಡಿ ಅಂತಾನೂ ಬರಿ. ಸುಳ್ಳು ಹೇಳಿದ್ದು ನಾವೇ, ನಿಜ. ಆ ಸುಳ್ಳು ಬರ್ಕೊಂಡಿದ್ದು ಅವರೇ ಅಲ್ವಾ?"

ಅವಳು ಎರಡನ್ನೂ ಬರೆದಳು. ಎಪ್ಪತ್ತಕ್ಕೆ ಎರಡರಷ್ಟು ಬೇಡ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಲಿ. ನಿಜವಾದ ವಯಸ್ಸು ಹೇಳಿಕೊಳ್ಳಲು ಎಲ್ಲರಿಗೂ ಒಂದು ಅವಕಾಶ ಕೊಡಿ. ಹೇಳಿದವರನ್ನು ಹೊರಹಾಕಬೇಡಿ, ಇನ್ನು ಮುಂದೆ ಅವರವರ ವಯಸ್ಸಿನ ಕಂತು ಕಟ್ಟಲಿ. ಅಂಕಿಗಳನ್ನು ಹೊರಗಿನವರು ತಾಳೆ ನೋಡಿದರು. ಸಭೆಯಲ್ಲಿ ಕಂಪನಿಯವರು ಎರಡು ಗಂಟೆ ಜಗ್ಗಾಡಿ, ಕೊನೆಗೆ ಒಪ್ಪಿದರು.

ಕಂಪನಿಯ ಪರವಾಗಿ ಬಂದಿದ್ದ ಆಕ್ಚುಯರಿ ಅವಳ ಜೊತೆಯಲ್ಲೇ ಪರೀಕ್ಷೆ ಬರೆದವನು, ಜೊತೆಯಲ್ಲೇ ಫೇಲಾದವನು. ಮಾವನ ಕೈಯ ಅಡುಗೆ ಉಂಡವನು, ಅವರ ನಿಜವಾದ ವಯಸ್ಸು ಬಲ್ಲವನು. ಮೆಟ್ಟಿಲಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ನಮ್ಮ ಲೆಕ್ಕಕ್ಕೆ ಮಣ್ಣು ಹಾಕಿದೆಯಲ್ಲೇ ಮಾರಾಯ್ತಿ," ಎಂದು ನಕ್ಕು, ದನಿ ತಗ್ಗಿಸಿದ. "ನೋಡು, ನಿಮ್ಮ ಮಾವನದು ಎಪ್ಪತ್ತು ಅಂತಾನೇ ಇರ್ಲಿ ಬಿಡು. ಅಷ್ಟು ಜನರಲ್ಲಿ ಒಬ್ಬ ಮುದುಕನಿಂದ ಯಾವ ಗೆರೆಯೂ ಅಲುಗಾಡಲ್ಲ. ಇದು ಲಂಚ ಅಲ್ಲ ಕಣೇ, ಉಂಡ ಅನ್ನದ ಋಣ."

ಅವನ ಕಣ್ಣಿನಲ್ಲಿ ಕಪಟವಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. ನಾಲ್ಕು ವರ್ಷ ಹೆಚ್ಚಾದರೆ ಮನೆಯಲ್ಲಿ ಯಾವ ಯಾವ ಖರ್ಚಿಗೆ ಕತ್ತರಿ ಬೀಳುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

"ಬೇಡ ಕಣೋ," ಎಂದು ಅವಳು ಅವನ ತೋಳು ತಟ್ಟಿದಳು. "ಎಪ್ಪತ್ನಾಲ್ಕು ಅಂತಾನೇ ಬರ್ಕೊ. ಋಣ ಇದ್ರೆ ಆಪರೇಷನ್ ಆದ್ಮೇಲೆ ಮನೆಗೆ ಬಂದು ಅವರನ್ನ ನಾಲ್ಕು ಹೆಜ್ಜೆ ನಡೆಸು."