ಕೊಟ್ಟ ಮೇಲೆ ಸಹಿ

ನನಗೆ ತಾಳ್ಮೆ ಕಡಿಮೆ. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಪಾಠ ಹೇಳುವವನಿಗೆ ಇರಬಾರದ ಗುಣ ಅದು, ಗೊತ್ತಿದೆ. ಹಾಗಾಗಿ ಐವತ್ತೆರಡು ವರ್ಷದ ನರ್ಸ್ ಒಬ್ಬರು ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, "ಮೇಷ್ಟ್ರೇ, ಮೂರು ತಿಂಗಳಲ್ಲಿ ಕಲಿಸ್ತೀರಾ?" ಎಂದಾಗ ಸಾಗಹಾಕುವ ದಾರಿ ಹುಡುಕಿದೆ.

ಅವರು ಅಷ್ಟು ಸುಲಭಕ್ಕೆ ಹೋಗುವ ಪೈಕಿ ಅಲ್ಲ. ಕುರ್ಚಿ ಎಳೆದುಕೊಂಡು ಕೂತು ವಿಷಯ ಹೇಳಿದರು. ಇಪ್ಪತ್ತೆಂಟು ವರ್ಷ ವಾರ್ಡಿನಲ್ಲಿ ನಿಂತೇ ದುಡಿದು ಮಂಡಿಗಳೆರಡೂ ಕೈಕೊಟ್ಟಿದ್ದವು. ಇನ್ನು ವಾರ್ಡಿನ ಕೆಲಸ ಆಗದು ಎಂದು ಡಾಕ್ಟರು ಬರೆದುಕೊಟ್ಟಾಗಿತ್ತು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ವಾರ್ಡು ಬಲ್ಲ ಒಬ್ಬರು ಬೇಕಾಗಿದ್ದರು. ಪರೀಕ್ಷೆ ಪಾಸಾದರೆ ಅಲ್ಲಿ ಕೆಲಸ, ಇಲ್ಲದಿದ್ದರೆ ಮನೆ.

"ಮನೇಲಿ ಕೂತು ಏನ್ ಮಾಡ್ಲಿ? ಗೋಡೆಗೆ ಇಂಜೆಕ್ಷನ್ ಕೊಡ್ಲಾ?"

ಮಗಳ ಕಾಲೇಜು ಪುಸ್ತಕ ಓದಿ ಸಣ್ಣಪುಟ್ಟ ಪ್ರೋಗ್ರಾಮು ಬರೆಯಲು ಅವರಾಗಲೇ ಕಲಿತಿದ್ದರು. ಪರೀಕ್ಷೆಯ ಸಮಸ್ಯೆಯನ್ನೂ ಆಸ್ಪತ್ರೆಯವರು ಮೊದಲೇ ಕೊಟ್ಟಿದ್ದರು: ಒಂದೇ ಔಷಧಿ ಪಟ್ಟಿಯನ್ನು ಇಬ್ಬರು ನರ್ಸುಗಳು ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದು ಕೆಲಸ ಮಾಡಬೇಕು, ಆದರೆ ಯಾವ ರೋಗಿಗೂ ಒಂದು ಔಷಧಿ ಎರಡು ಸಲ ಹೋಗಬಾರದು. ಒಂದೇ ಹೊತ್ತಿಗೆ ಹಲವು ಕೆಲಸ ನಡೆಸುವ ಪ್ರೋಗ್ರಾಮು ಅಂದರೆ ಎಂಥವರಿಗೂ ತಲೆ ಚಿಟ್ಟು ಹಿಡಿಯುತ್ತದೆ. ಒಂದೊಂದೇ ಓಡಿಸಿದರೆ ಎಲ್ಲ ಸರಿ; ಜೊತೆಗೆ ಓಡಿಸಿದರೆ ಎಲ್ಲೋ ಎಡವಟ್ಟು, ಅದೂ ನಾವು ನೋಡುತ್ತಿಲ್ಲದಾಗ.

ಹದಿನೈದು ದಿನಕ್ಕೆ ಸಿಸ್ಟರ್ ಮೊದಲ ಪ್ರೋಗ್ರಾಮು ತಂದರು. ಇಬ್ಬರು ನರ್ಸುಗಳ ಬದಲು ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎರಡು ಎಳೆಗಳು, ಅಂದರೆ ಎರಡು ಥ್ರೆಡ್‌ಗಳು. ಪ್ರತಿಯೊಂದೂ ಪಟ್ಟಿ ನೋಡುತ್ತದೆ, ಸಹಿ ಇಲ್ಲದಿದ್ದರೆ ಔಷಧಿ ಕೊಡುತ್ತದೆ, ಆಮೇಲೆ ಸಹಿ ಹಾಕುತ್ತದೆ. ಸಾವಿರ ಸಲ ಓಡಿಸಿದೆವು. ನಲವತ್ತೊಂದು ಜನ ರೋಗಿಗಳಿಗೆ ಡಬಲ್ ಡೋಸ್.

"ನೋಡಿ," ಎಂದೆ. "ಇವಳು ಪಟ್ಟಿ ನೋಡಿದ್ಲು, ಸಹಿ ಜಾಗ ಖಾಲಿ. ಇವಳು ಔಷಧಿ ಕೊಡೋ ಅಷ್ಟರಲ್ಲಿ ಅವಳೂ ನೋಡಿದ್ಲು, ಖಾಲಿ. ಇಬ್ರೂ ಕೊಟ್ರು. ಮೊದ್ಲು ಸಹಿ ಹಾಕ್ಸಿ, ಆಮೇಲೆ ಔಷಧಿ ಕೊಡ್ಸಿ. ಮುಗೀತು."

ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಲ್ಲ."

"ಯಾಕಾಗಲ್ಲ?"

"ಮಾತ್ರೆ ರೋಗಿಯ ಗಂಟಲಿಂದ ಇಳಿದ ಮೇಲೇ ಸಹಿ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸಿದ್ದು ಅದನ್ನೇ. ಸಹಿ ಹಾಕಿದ್ಲು, ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಕೂಗಿದ್ರು, ಹೋದ್ಲು. ಪಟ್ಟಿ 'ಕೊಟ್ಟಾಯ್ತು' ಅನ್ನುತ್ತೆ, ಮುದುಕಪ್ಪ ಔಷಧಿ ಇಲ್ದೆ ಮಲಗಿರ್ತಾನೆ. ಯಾರಿಗೆ ಗೊತ್ತಾಗುತ್ತೆ?"

"ಇದು ಪ್ರೋಗ್ರಾಮು ಸಿಸ್ಟರ್, ವಾರ್ಡಲ್ಲ!"

"ಹೌದಾ? ಮತ್ತೆ ಇದು ಓಡೋದೆಲ್ಲಿ ಮೇಷ್ಟ್ರೇ?"

ಉತ್ತರ ಇಲ್ಲದಾಗ ಎಲ್ಲ ಮೇಷ್ಟ್ರುಗಳೂ ಮಾಡುವಂತೆ, ಹೊತ್ತಾಯಿತು ಎಂದು ಪಾಠ ಮುಗಿಸಿದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ ಎಂಬುದೇ ಮನೆ ಮುಟ್ಟುವವರೆಗೂ ಚುಚ್ಚುತ್ತಿತ್ತು.

ಮರುದಿನ ಲಾಕ್ ಬಗ್ಗೆ ಹೇಳಿಕೊಟ್ಟೆ. ಒಂದು ಥ್ರೆಡ್ ಲಾಕ್ ಹಿಡಿದಿರುವಷ್ಟು ಹೊತ್ತು ಇನ್ನೊಂದು ಕಾಯಬೇಕು. ಕೇಳುತ್ತಿದ್ದಂತೆ ಅವರ ಮುಖ ಅರಳಿತು. "ಓ, ಔಷಧಿ ಕಪಾಟಿನ ಕೀಲಿ! ವಾರ್ಡಿಗೆ ಒಂದೇ ಕೀಲಿ ಇರೋದು. ಕೀಲಿ ಇದ್ದೋಳು ಕೊಡ್ತಾಳೆ, ಇಲ್ಲದೋಳು ಕಾಯ್ತಾಳೆ." ಅಲ್ಲೇ ಕೂತು ಬರೆದರು. ಓಡಿಸಿದರೆ ಮತ್ತೆ ಡಬಲ್ ಡೋಸ್, ಒಂದೂ ಕಡಿಮೆಯಾಗಿರಲಿಲ್ಲ. ಮುಖ ಸಪ್ಪೆಯಾಯಿತು.

ಈ ಸಲ ನಾನು ಬಾಯಿ ಹಾಕಲಿಲ್ಲ, ಅದೇ ನನ್ನ ಸಾಧನೆ. ಅವರೇ ಸಾಲು ಸಾಲಾಗಿ ಬೆರಳಿಟ್ಟು ಓದಿದರು. ವಾರ್ಡಿನಲ್ಲಿ ಪಟ್ಟಿ ಇರುವುದು ಹಾಸಿಗೆಯ ಬಳಿ, ಕಪಾಟು ಇರುವುದು ಬಾಗಿಲ ಬಳಿ. ಪಟ್ಟಿ ನೋಡಿಕೊಂಡೇ ಕೀಲಿಗೆ ಹೋಗುವುದು ಅವರ ಅಭ್ಯಾಸ. ಪ್ರೋಗ್ರಾಮಿನಲ್ಲೂ ಹಾಗೇ ಬರೆದಿದ್ದರು. ಕೀಲಿಗೆ ಕಾದು ನಿಂತವಳ ಕಣ್ಣಲ್ಲಿ ಇನ್ನೂ ಹಳೆಯ ಖಾಲಿ ಪಟ್ಟಿ.

"ಕೀಲಿ ಕೈಗೆ ಬಂದ ಮೇಲೇ ಪಟ್ಟಿ ನೋಡ್ಬೇಕು," ಎಂದರು ಮೆಲ್ಲಗೆ. ನೋಡುವುದು, ಕೊಡುವುದು, ಸಹಿ ಹಾಕುವುದು ಮೂರನ್ನೂ ಕೀಲಿಯ ಒಳಗೆ ತಂದರು. ಸಾವಿರ ಸಲಕ್ಕೆ ಸೊನ್ನೆ. ಹತ್ತು ಸಾವಿರ ಸಲಕ್ಕೂ ಸೊನ್ನೆ. ಸಹಿ ಮಾತ್ರ ಕೊಟ್ಟ ಮೇಲೆಯೇ. ಒಬ್ಬಳು ಕೀಲಿ ಹಿಡಿದರೆ ಇಡೀ ವಾರ್ಡೇ ಕಾಯುತ್ತದಲ್ಲ ಎಂದು ಆಮೇಲೆ ತಾವೇ ಗೊಣಗಿ, ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಕೀಲಿ ಮಾಡಿದರು.

ಪರೀಕ್ಷೆಯ ಬೆಳಿಗ್ಗೆ ನಾನೂ ಹೋದೆ. ಹೋಗಬೇಕಾದ್ದೇನೂ ಇರಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಮಾತು ಕಡಿಮೆಯ ಮನುಷ್ಯ. ಪ್ರೋಗ್ರಾಮು ಓಡುತ್ತಿದ್ದಂತೆಯೇ, ಕೀಲಿ ಹಿಡಿದ ಒಬ್ಬ 'ನರ್ಸನ್ನು', ಅಂದರೆ ಆ ಥ್ರೆಡ್ಡನ್ನು, ಅರ್ಧದಲ್ಲೇ ಕೊಂದು ಹಾಕಿದರು. "ಈಗೇನು ಮಾಡ್ತೀರಿ?"

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೀಲಿ ಸತ್ತವಳ ಕೈಯಲ್ಲೇ ಉಳಿದರೆ ಆ ರೋಗಿ ಕೊನೆಯವರೆಗೂ ಕಾಯಬೇಕು. ಅವರು ಮೂರು ತಿಂಗಳು ಮೆಟ್ಟಿಲು ಹತ್ತಿದ್ದೆಲ್ಲ ನನ್ನ ಒಂದು ಮರೆವಿನಿಂದ ನೀರುಪಾಲಾಯಿತು ಅಂದುಕೊಂಡೆ.

ಅರ್ಧ ನಿಮಿಷ ಕಳೆಯಿತು. ಪರದೆಯ ಮೇಲೆ ಆ ರೋಗಿಯ ಸಾಲು ಕೆಂಪಾಯಿತು: "ಕೀಲಿ ತೆಗೆದುಕೊಂಡವರು ಸಹಿ ಮಾಡಿಲ್ಲ. ಕೊಟ್ಟಿದ್ದಾರೋ ಇಲ್ಲವೋ ತಿಳಿಯದು. ಹೋಗಿ ನೋಡಿ." ಉಳಿದ ರೋಗಿಗಳ ಔಷಧಿ ತನ್ನ ಪಾಡಿಗೆ ಸಾಗುತ್ತಿತ್ತು.

ಮುಖ್ಯಸ್ಥರು ನನ್ನತ್ತ ತಿರುಗಿದರು. "ಇದು ನೀವು ಕಲಿಸಿದ್ದಾ?"

ಹೌದು ಅನ್ನಲು ನಾಲಿಗೆ ತುದಿಯವರೆಗೂ ಬಂದಿತ್ತು. "ಇಲ್ಲ, ಸಿಸ್ಟರೇ ಬರೆದದ್ದು," ಎಂದೆ.

"ಕೊಟ್ಟಿಲ್ಲ ಅಂತಲೇ ತಿಳ್ಕೊಂಡು ಪ್ರೋಗ್ರಾಮೇ ಮುಂದುವರಿಸಬಹುದಿತ್ತಲ್ಲ ಸಿಸ್ಟರ್?" ಎಂದರು ಮುಖ್ಯಸ್ಥರು.

"ಅಲ್ಲಿ ಏನಾಯ್ತು ಅಂತ ಅದಕ್ಕೆ ಗೊತ್ತಿಲ್ಲ ಸಾರ್. ಗೊತ್ತಿಲ್ಲ ಅನ್ನೋದನ್ನ ಗೊತ್ತಿಲ್ಲ ಅಂತಲೇ ಹೇಳ್ಬೇಕು. ಆಮೇಲೆ ಯಾರಾದ್ರೂ ಎದ್ದು ಹೋಗಿ ರೋಗಿ ಮುಖ ನೋಡ್ಬೇಕು."

ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆಯೇ ಒಂದು ಕೈ ಹೆಚ್ಚು.

"ಸೋಮವಾರದಿಂದ ಬನ್ನಿ," ಎಂದರು ಮುಖ್ಯಸ್ಥರು. "ಕಿಟಕಿ ಪಕ್ಕದ ಮೇಜು ನಿಮ್ಮದು."

ಸಿಸ್ಟರ್ ಧನ್ಯವಾದ ಹೇಳುವುದನ್ನೂ ಮರೆತು ಆ ಮೇಜಿನ ಮೇಲಿದ್ದ ಫೋನ್ ತೋರಿಸಿದರು. "ಇದರಿಂದ ವಾರ್ಡಿಗೆ ಮಾಡ್ಬಹುದಾ ಸಾರ್?" ಒಪ್ಪಿಗೆಗೂ ಕಾಯದೆ ನಂಬರ್ ಒತ್ತಿದರು.

"ನಾನೇ ಕಣ್ರೇ. ಮನೆಗೆ ಹೋಗ್ತಿಲ್ಲ. ಇಲ್ಲೇ ಇರ್ತೀನಿ."

ಆ ಕಡೆ ಎದ್ದ ಕೇಕೆ ನಮಗೂ ಕೇಳಿಸಿತು. "ಲೇ, ರೋಗಿಗಳು ಮಲಗಿದ್ದಾರೆ, ಮೆಲ್ಲಗೆ!" ಎಂದು ಗದರಿದರು ಸಿಸ್ಟರ್. ಗದರುತ್ತಲೇ ಅವರ ಕಣ್ಣಲ್ಲಿ ನೀರು ಹರಿಯುತ್ತಿತ್ತು.