ತಿರುಪತಿಗೆ ಹೋಗದೆ ಕೊಟ್ಟ ಮುಡಿ

ಅದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಯಾವುದೋ ಒಂದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಬೆಂಗಳೂರಿಗೆ ಹೊರಟಿದ್ದ ರೈಲು ಮಾಲೂರಿನಲ್ಲಿ ನಿಂತಾಗ, ನನ್ನ ಎದುರು ಕೂತಿದ್ದ ಟೇಕಲ್‌ನ ಮಹಿಳೆ ಇಳಿದುಹೋಗಲು ಎದ್ದರು. ಅವರಿಗೆ ಕ್ಯಾನ್ಸರ್. ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು ಒಬ್ಬ ಶಾಲಾ ಶಿಕ್ಷಕಿ. ಅದೇ ಕಾಯಿಲೆಯಿಂದ ಗುಣ ಹೊಂದಿ, ಇಂಥ ರೋಗಿಗಳಿಗೆಂದೇ ಸಂಘ ಕಟ್ಟಿದ್ದವರು.

“ಬ್ಯಾಡ ಮೇಡಂ, ಔಷಧಿಗೆ ಕೂದಲೆಲ್ಲ ಉದುರುತ್ತಂತೆ. ಬೋಳು ತಲೇಲಿ ಊರಲ್ಲಿ ಹೆಂಗೆ ತಿರುಗಾಡ್ಲಿ?”

ಶಿಕ್ಷಕಿ ತಮ್ಮ ತಲೆಯ ಮೇಲಿನ ಸೆರಗು ಸರಿಸಿದರು. ಬೆರಳುದ್ದವೂ ಇಲ್ಲದ ಕೂದಲು.

“ನೋಡು, ನಂದೂ ಉದುರಿತ್ತು. ಕೇಳಿದೋರಿಗೆಲ್ಲ ತಿರುಪತೀಲಿ ಮುಡಿ ಕೊಟ್ಟೆ ಅಂದೆ. ಪಕ್ಕದ ಮನೆಯವಳು ಲಾಡು ಎಲ್ಲಿ ಅಂತ ಗಂಟುಬಿದ್ಲು ಕಣಮ್ಮ.”

ಆ ಮಹಿಳೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು, ಮತ್ತೆ ಕೂತರು. ರೈಲು ಹೊರಟಿತು.

ದೇವರ ಹೆಸರಿನಲ್ಲಿ ಹೇಳಿದ ಸುಳ್ಳೊಂದನ್ನು ನಾನು ಮೆಚ್ಚಿದ್ದು ಅದೊಂದೇ ಸಲ. ಮಾತುಗಳು ಹೀಗೇ ಇದ್ದವೋ, ನಾನೇ ಸೇರಿಸಿದೆನೋ ಹೇಳಲಾರೆ. ಆದರೆ ಮುಂದೊಮ್ಮೆ ಟೇಕಲ್‌ನಲ್ಲಿ ವಿಚಾರಿಸಿ ಒಂದನ್ನು ಖಚಿತಪಡಿಸಿಕೊಂಡೆ: ಆ ಮಹಿಳೆ ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸಿದ್ದರು.